ಕೊಬ್ಬಿದ ಹೇಂಟೆ ಮೊಟ್ಟೆಯಿಡದೇಕೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಗಳ ಕಡೆ ಹಿತ್ತಿಲ ಕೋಳಿಗೆ ತಿನಿಸಿನ ಬಡತನವಿಲ್ಲ. ಕಣದ ರಾಗಿ, ಮುಸುಕಿನ ಜೋಳದ ನುಚ್ಚು, ಮಿಕ್ಕ ಮುದ್ದೆ ಎಲ್ಲವೂ ಅದರ ಪಾಲಿಗುಂಟು. ರೇಷ್ಮೆನೂಲು ಬಿಚ್ಚುವ ಶಿಡ್ಲಘಟ್ಟದಲ್ಲಿ ಗೂಡಿನೊಳಗಿನ ಬೆಂದ ಹುಳುವೂ ದೊರೆಯುತ್ತದೆ. ದಿನವಿಡೀ ಕೆದಕಿ ತಿರುಗುವ ನಾಟಿ ಕೋಳಿ ಇದನ್ನು ಅರಗಿಸಿಕೊಂಡೀತು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂತಹ ತೂಕದ ತಳಿಯನ್ನು ಬೇಲಿಯೊಳಗಿಟ್ಟು ಕಾಳು ಸುರಿದರೆ ಅದು ಬೇಗನೆ ಕೊಬ್ಬುತ್ತದೆ, ಮೊಟ್ಟೆ ನಿಲ್ಲುತ್ತದೆ. ಆಗ ಮನೆಯವರು, ಮೇವು ಸಾಲದೇನೋ ಎಂದು, ಮತ್ತೊಂದು ಹಿಡಿ ಚೆಲ್ಲುತ್ತಾರೆ!

ಇದರ ಮರ್ಮವಿರುವುದು ಯಕೃತ್ತಿನಲ್ಲಿ. ಹಕ್ಕಿಗಳಲ್ಲಿ ಪಿಷ್ಟವು ಕೊಬ್ಬಾಗಿ ಮಾರ್ಪಡುವುದು ಬಹುಮಟ್ಟಿಗೆ ಅಲ್ಲಿಯೇ. ಮೊಟ್ಟೆಯಿಡುವ ಹೇಂಟೆಯಲ್ಲಿ ಈ ಕೊಬ್ಬು ರಕ್ತದ ಮೂಲಕ ಅಂಡಾಶಯವನ್ನು ಸೇರಿ ಹಳದಿ ಭಂಡಾರವಾಗುತ್ತದೆ; ಆ ಭಂಡಾರದ ಸುಮಾರು ಮೂರನೆಯ ಒಂದು ಪಾಲು ಕೊಬ್ಬೇ. ಆದರೆ ಕೊಬ್ಬು ನೀರಿನಲ್ಲಿ ಕರಗದು. ರಕ್ತದಲ್ಲಿ ಸಾಗಲು ಅದಕ್ಕೆ ಸಸಾರಜನಕದ, ಅಂದರೆ ಪ್ರೋಟೀನಿನ, ಜೊತೆ ಬೇಕು. ಕೋಲೀನ್ ಎಂಬ ಪೋಷಕವೂ ಬೇಕು. ಮೊಟ್ಟೆಯಿಡುವ ಕೋಳಿಯ ಆಹಾರದಲ್ಲಿ ನೂರಕ್ಕೆ ಸುಮಾರು 16 ಪಾಲು ಸಸಾರಜನಕವಿರಬೇಕು. ಮುಸುಕಿನ ಜೋಳದಲ್ಲಿರುವುದು ಸುಮಾರು 9, ರಾಗಿಯಲ್ಲಿ 7. ಹೀಗೆ ಕೊಬ್ಬು ತಯಾರಾಗುತ್ತದೆ, ಸಾಗುವುದಿಲ್ಲ. ಮೈ ತುಂಬಿದ ಆ ಕೋಳಿಯನ್ನು ಅರೆಹೊಟ್ಟೆಯ ಕೋಳಿಯೆಂದೇ ನಾವು ಕರೆಯಬೇಕಾಗಿದೆ.

ಅಮೆರಿಕದ ಟೆಕ್ಸಾಸಿನಲ್ಲಿ ಕೌಚ್ ಎಂಬ ವಿಜ್ಞಾನಿ 1956ರಲ್ಲಿ ಮೊಟ್ಟೆಕೋಳಿಗಳ ಈ ಕೊಬ್ಬಿನ ಯಕೃತ್ತನ್ನು ವಿವರಿಸಿದನು. ಯಕೃತ್ತು ಹಳದಿಗಟ್ಟಿ, ಬೆಣ್ಣೆಯಂತೆ ಮೆದುವಾಗಿ, ಒಡೆದು ಒಳಗೇ ರಕ್ತ ಸುರಿಯುತ್ತದೆ. ನಿನ್ನೆ ಚೆನ್ನಾಗಿದ್ದ ಕೋಳಿ ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ, ಜುಟ್ಟು ಬಿಳಿಚಿಕೊಂಡಿರುತ್ತದೆ. ಬೇಸಗೆಯಲ್ಲಿ ಅಪಾಯ ಹೆಚ್ಚು, ಏಕೆಂದರೆ ಹಕ್ಕಿಗೆ ಬೆವರಿನ ಗ್ರಂಥಿಗಳಿಲ್ಲ, ಕೊಬ್ಬಿನ ಹೊದಿಕೆ ಮೈಯ ಕಾವನ್ನು ಹೊರಬಿಡದು. ಹಲವು ಕೋಳಿಗಳು ಒಟ್ಟಿಗೆ ಸತ್ತರೆ ರಾಣಿಖೇತ್ ಮುಂತಾದ ಅಂಟುರೋಗವನ್ನು ಶಂಕಿಸಿ ಪಶುವೈದ್ಯರನ್ನು ಕರೆಯಿಸಬೇಕು.

ಮೊಟ್ಟೆಯಿಡದ ಕೋಳಿಯೆಲ್ಲ ಕೊಬ್ಬಿದ್ದೆಂದಲ್ಲ. ಗರಿ ಉದುರುವ ಕಾಲ, ಕಾವಿಗೆ ಕೂರುವುದು, ಮುಪ್ಪು, ಹಗಲು ಕಿರಿದಾಗುವುದು ಇವೂ ಕಾರಣಗಳೇ. ಕೈಯಿಂದ ಮುಟ್ಟಿ ನೋಡುವುದು ಒಳ್ಳೆಯ ಪರೀಕ್ಷೆ: ಎದೆಮೂಳೆಯ ಅಂಚು ಬೆರಳಿಗೆ ಸಿಗದೆ, ಹೊಟ್ಟೆ ದಪ್ಪವಾಗಿ ಬಿಗಿದಿದ್ದರೆ ಕೊಬ್ಬೆಂದು ತಿಳಿಯಬಹುದು.

ಹಾಗೆಂದು ಉಪವಾಸ ಕೆಡವಬಾರದು. ಹಸಿವಾದಾಗ ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ಮತ್ತೆ ಯಕೃತ್ತಿಗೇ ನುಗ್ಗುತ್ತದೆ. ಕೆಲವು ವಾರಗಳಲ್ಲಿ ಕಾಳನ್ನು ಮೆಲ್ಲನೆ ತಗ್ಗಿಸಿ, ಅದರ ಸ್ಥಾನದಲ್ಲಿ ಮೊಟ್ಟೆಕೋಳಿಯ ಮಿಶ್ರ ಆಹಾರ, ನುಗ್ಗೆಸೊಪ್ಪು ಕೊಡಬೇಕು. ಎರಡು ಕಿಲೋ ತೂಗುವ ಹೇಂಟೆಗೆ ದಿನಕ್ಕೆ 100ರಿಂದ 120 ಗ್ರಾಂ ಮೇವು ಸಾಕು. ಸೊಪ್ಪನ್ನು ಎತ್ತರದಲ್ಲಿ ಕಟ್ಟಿದರೆ ಹಾರಿ ಕುಕ್ಕುವ ವ್ಯಾಯಾಮವೂ ಆಗುತ್ತದೆ. ರೇಷ್ಮೆಹುಳುವನ್ನು ಒಣಗಿಸಿದಾಗ ಅರ್ಧದಷ್ಟು ಸಸಾರಜನಕವುಂಟು, ಆದರೆ ಕಾಲುಭಾಗದಷ್ಟು ಎಣ್ಣೆಯೂ ಉಂಟು. ಆದುದರಿಂದ ಎಣ್ಣೆ ತೆಗೆದದ್ದೇ ಲೇಸು. ಹಸಿಯದು ಬೇಗ ಕೊಳೆಯುತ್ತದೆ; ಹೆಚ್ಚಾದರೆ ಮೊಟ್ಟೆಗೂ ಅದರ ವಾಸನೆ ಹತ್ತುತ್ತದೆ.

ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಸುಣ್ಣಕಲ್ಲಿನ ಚೂರನ್ನು ಮೇವಿಗೆ ಬೆರೆಸದೆ ಬೇರೆ ಮಡಕೆಯಲ್ಲಿಡುವುದು ಉತ್ತಮ. ಮೊಟ್ಟೆಯಿಡುವ ಕೋಳಿ ತನಗೆ ಬೇಕಾದಷ್ಟನ್ನು ತಾನೇ ಹೆಕ್ಕಿಕೊಳ್ಳುತ್ತದೆ. ಇಡದ ಕೋಳಿಗೆ ಅದನ್ನು ಬಲವಂತವಾಗಿ ತಿನ್ನಿಸಿದರೆ ಮೂತ್ರಪಿಂಡಗಳು ಕೆಡುತ್ತವೆ.