ಜೀವಶಾಸ್ತ್ರದ ಹಾದಿ ಪಿಯುಸಿಯಲ್ಲೇ ಕವಲೊಡೆಯುತ್ತದೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಧಾರವಾಡದ ಕಾಲೇಜುಗಳ ಮುಂದೆ ಪಾಲಕರ ಸಾಲು ಶುರು. ಗದಗ, ಹಾವೇರಿ, ಬಾಗಲಕೋಟೆಗಳಿಂದಲೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅರ್ಜಿಯಲ್ಲಿ ಪಿಸಿಎಂಬಿ ಎಂದು ಬರೆಯಬೇಕೋ, 'ಬಿ' ಬಿಟ್ಟು ಕಂಪ್ಯೂಟರ್ ಸೈನ್ಸ್ ಹಿಡಿಯಬೇಕೋ? ಹದಿನಾರು ವರ್ಷದ ಹುಡುಗ ಅಪ್ಪನ ಮುಖ ನೋಡುತ್ತಾನೆ, ಅಪ್ಪ ಪಕ್ಕದವರ ಅರ್ಜಿ ನೋಡುತ್ತಾನೆ. ಆ ಒಂದು ಅಕ್ಷರದ ಬೆಲೆ ಗೊತ್ತಾಗುವುದು ಎರಡು ವರ್ಷಗಳ ನಂತರ.

'ಬಿ' ಇದ್ದರೆ ಏನು, ಇಲ್ಲದಿದ್ದರೆ ಏನು?

ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿರಲಿ, ಬೇರೆಲ್ಲೇ ಇರಲಿ, ಎಂಬಿಬಿಎಸ್ ಸೀಟಿಗೆ ನೀಟ್ ಪರೀಕ್ಷೆಯೇ ಬಾಗಿಲು. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಬೇಕು. ಮೂರೂ ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇ 50 ಅಂಕ, ಮೀಸಲು ವರ್ಗದವರಿಗೆ ಶೇ 40. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟವರು, ಪಾಸಾದ ನಂತರ ಅದನ್ನು ಹೆಚ್ಚುವರಿ ವಿಷಯವಾಗಿ ಓದಿ ಬರೆದರೂ ನಡೆಯುತ್ತದೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಹೇಳಿತು. ದಾರಿ ತೆರೆದದ್ದು ಹೌದು. ಆದರೆ ಅದು ಸುತ್ತಿನ ದಾರಿ. ಎರಡು ವರ್ಷದ ಪಾಠ ಒಮ್ಮೆಲೇ ತಲೆಗೆ ಬೀಳುತ್ತದೆ.

ಗಣಿತವನ್ನೂ ಹಗುರಾಗಿ ಬಿಡಬೇಡಿ. ಬಯೊಟೆಕ್ನಾಲಜಿ ಎಂಬ ಹೆಸರಿದ್ದರೂ ಅದರ ಎಂಜಿನಿಯರಿಂಗ್ ಪದವಿಗೆ ಭೌತಶಾಸ್ತ್ರದ ಜೊತೆ ಗಣಿತವೇ ಕಡ್ಡಾಯ. ಬಿ.ಫಾರ್ಮಗೆ ಗಣಿತ ಅಥವಾ ಜೀವಶಾಸ್ತ್ರ, ಎರಡರಲ್ಲಿ ಒಂದು ಸಾಕು. ನಾಲ್ಕನ್ನೂ ಓದಬಲ್ಲ ಮಗುವಿಗೆ ಪಿಸಿಎಂಬಿ ಹೆಚ್ಚು ಬಾಗಿಲುಗಳನ್ನು ತೆರೆದಿಡುತ್ತದೆ. ಗಣಿತ ಕಂಡರೆ ಜ್ವರ ಬರುವವರನ್ನು ಮಾತ್ರ ಒತ್ತಾಯಿಸುವುದು ಬೇಡ.

ಡಿಗ್ರಿಯಲ್ಲಿ ಒಂದು ಎರಡಾಗುತ್ತದೆ

ಬಿಎಸ್ಸಿಗೆ ಬಂದರೆ ಜೀವಶಾಸ್ತ್ರ ಎಂಬ ಒಂದೇ ಪುಸ್ತಕ ಇರುವುದಿಲ್ಲ; ಅದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರವೆಂದು ಒಡೆಯುತ್ತದೆ. ಇವೆರಡರ ಜೊತೆ ರಸಾಯನಶಾಸ್ತ್ರ ಸೇರಿದರೆ ನಮ್ಮ ಕಾಲೇಜುಗಳ ಹಳೆಯ 'ಸಿಬಿಝಡ್'. ಇತ್ತೀಚೆಗೆ ಸೂಕ್ಷ್ಮಜೀವಶಾಸ್ತ್ರ, ಜೀವರಸಾಯನಶಾಸ್ತ್ರ, ಬಯೊಟೆಕ್ನಾಲಜಿಗಳೂ ಗುಂಪಿಗೆ ಸೇರಿವೆ.

ನಿಯಮಗಳು ಎರಡು ಬಾರಿ ಮಗ್ಗುಲು ಬದಲಿಸಿವೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ನಾಲ್ಕು ವರ್ಷದ ಆನರ್ಸ್, ಮೇಜರ್-ಮೈನರ್ ಎಂಬ ಮಾತುಗಳು ಬಂದವು. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವಿಷಯಗಳ ಮೂರು ವರ್ಷದ ಪದವಿ. ಅಣ್ಣ ಓದಿದ ಕ್ರಮವೇ ತಮ್ಮನಿಗೂ ಇರುತ್ತದೆಂದು ನಂಬದೆ, ಆಯಾ ವರ್ಷದ ಪ್ರಾಸ್ಪೆಕ್ಟಸ್ ಓದಿ. ಎಂಎಸ್ಸಿಗೆ ಯಾವ ವಿಷಯ ಬೇಕೋ ಅದನ್ನು ಪದವಿಯಲ್ಲಿ ಓದಿರಬೇಕಾಗುತ್ತದೆ ಎಂಬುದನ್ನು ಗುಂಪು ಆರಿಸುವಾಗಲೇ ನೆನಪಿಡಬೇಕು. ರಸಾಯನಶಾಸ್ತ್ರದ ಕೈ ಬಿಡದವರಿಗೆ ಮುಂದೆ ಔಷಧ, ಆಹಾರ, ಪ್ರಯೋಗಾಲಯ ಎಲ್ಲ ಕಡೆಯೂ ಜಾಗವಿದೆ.

ಡಾಕ್ಟರಿಕೆಯ ಆಚೆ

ನೀಟ್‌ನಲ್ಲಿ ಸೀಟು ಸಿಗದವರು 'ಇನ್ನೇನು, ಬಿಎಸ್ಸಿ' ಎಂದು ತಲೆ ತಗ್ಗಿಸಿ ಬರುವುದನ್ನು ಕಾಣುತ್ತೇವೆ. ಅವರು ಒಮ್ಮೆ ಈ ಊರಿನ ಇತಿಹಾಸ ನೋಡಬೇಕು. 1972ರಲ್ಲಿ ಡಾ. ಬಿ.ಎಚ್. ಕಾತರಕಿಯವರು ಎರಡು ಭಿನ್ನ ಪ್ರಭೇದಗಳ ಹತ್ತಿಯನ್ನು ಕೂಡಿಸಿ 'ವರಲಕ್ಷ್ಮಿ' ತಳಿ ರೂಪಿಸಿದ್ದು ಧಾರವಾಡದಲ್ಲಿಯೇ. ಮುಂದೆ ಬಂದ ಡಿಸಿಎಚ್-32 ಹೆಸರಿನ 'ಡಿ' ಅಂದರೆ ಧಾರವಾಡ. ಇಲ್ಲಿನ ಕೃಷಿ ವಿಶ್ವವಿದ್ಯಾಲಯ ಆರಂಭವಾದದ್ದು 1986ರಲ್ಲಿ. ಅಲ್ಲಿಗೆ ಸಿಇಟಿ ಮೂಲಕ ಪ್ರವೇಶ, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲು. ಇನ್ನು ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಪ್ಪೆಗಳ ಬದುಕನ್ನೇ ಸಂಶೋಧಿಸಿದ ಪ್ರೊ. ಎಸ್.ಕೆ. ಸೈದಾಪುರ ಅವರು ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು. ಹತ್ತಿಯ ಹೂವಾಗಲಿ, ಕಪ್ಪೆಯಾಗಲಿ, ಸ್ಟೆಥೊಸ್ಕೋಪಿಗಿಂತ ಕಡಿಮೆಯದಲ್ಲ.

ಹಳ್ಳಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ಅಡ್ಡಿ ಇಂಗ್ಲಿಷ್ ಹೆಸರುಗಳದ್ದು. ಪತ್ರಹರಿತ್ತು 'ಕ್ಲೋರೊಫಿಲ್' ಆದೊಡನೆ ಗೊತ್ತಿದ್ದ ಪಾಠವೂ ಅಪರಿಚಿತವಾಗುತ್ತದೆ. ಮೊದಲ ಮೂರು ತಿಂಗಳು ದಿನಕ್ಕೆ ಹತ್ತು ಪದ ಬರೆದಿಟ್ಟುಕೊಂಡು, ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ. ಪಿಯುಸಿಯಲ್ಲಿ 30 ಅಂಕ ಪ್ರಾಯೋಗಿಕಕ್ಕೇ ಇವೆ. ಅಲ್ಲಿ ಕೇಳುವುದು ಕಣ್ಣು ಮತ್ತು ಕೈ.

ಪಾಲಕರೇ, ಅರ್ಜಿ ತುಂಬುವ ಮುನ್ನ ಮಗುವನ್ನು ಒಂದೇ ಪ್ರಶ್ನೆ ಕೇಳಿ: ಡಾಕ್ಟರ್ ಸೀಟು ಸಿಗದಿದ್ದರೂ ಈ ವಿಷಯ ಓದಲು ನಿನಗೆ ಇಷ್ಟವೇ? ಹೌದು ಎಂದರೆ 'ಬಿ' ಬರೆಯಲು ಅಂಜಬೇಡಿ.