ಪರದೇಶದಲ್ಲಿ ಊರಿನ ಸಂಖ್ಯೆ

2022ರ ಮಾರ್ಚ್ 1ರಂದು, ಯುದ್ಧಗ್ರಸ್ತ ಉಕ್ರೇನಿನ ಖಾರ್ಕಿವ್ ನಗರದಲ್ಲಿ ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ಶೆಲ್ ದಾಳಿಗೆ ಬಲಿಯಾದನು. ನೆಲಮಾಳಿಗೆಗಳಲ್ಲಿ ಅಡಗಿದ್ದ ಉಳಿದ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ಆಗ ಮೊಬೈಲೇ ಆಸರೆಯಾಗಿತ್ತು.

ಹಾವೇರಿ, ಬ್ಯಾಡಗಿಗಳಂತಹ ಊರುಗಳಿಂದ ಪರದೇಶಕ್ಕೆ ತೆರಳಿದವರು ಅಲ್ಲಿಯ ಸಿಮ್ಮನ್ನು ಕೊಳ್ಳುವುದು ವಾಡಿಕೆ. ಅಂತರ್ಜಾಲವಿದ್ದರೆ ಸಾಕು, ವಾಟ್ಸಾಪಿನಲ್ಲಿ ತಾಯಿಯ ಮುಖವೇ ಕಾಣುವುದು. ಆದರೆ ಊರಿನ ಬ್ಯಾಂಕು ಕಳುಹಿಸುವ ಗುಟ್ಟಿನ ಅಂಕಿಯು, ಎಂದರೆ ಒಟಿಪಿಯು, ಹಳೆಯ ಸಂಖ್ಯೆಗೇ ಬರುತ್ತದೆ. ಅದನ್ನು ಇಲ್ಲಿಯ ದೂರವಾಣಿ ಸಂಸ್ಥೆಯು ಅಲ್ಲಿಯ ಸಂಸ್ಥೆಯ ಜಾಲದ ಮೂಲಕ ತಲುಪಿಸಬೇಕು. ಈ ಏರ್ಪಾಡೇ ರೋಮಿಂಗ್. ಹೊರಡುವ ಮುನ್ನವೇ ಇದನ್ನು ಮಾಡಿಸಿಕೊಳ್ಳುವುದು ಲೇಸು. ಮರೆತರೆ ಖಾತೆಯಲ್ಲಿ ಹಣವಿದ್ದೂ ಕೈ ಬರಿದು! ಅಲ್ಲಿಂದ ಕೋರಿದರೆ, ಗುರುತನ್ನು ದೃಢಪಡಿಸುವ ಅಂಕಿಯೂ ಆ ಮೂಕ ಸಂಖ್ಯೆಗೇ ಹೋಗುತ್ತದೆ.