ಗುಂಡ್ಲುಪೇಟೆಯ ಚಳಿಯೂ ಗೇರಿನ ಎಣ್ಣೆಯೂ

ಮಾರ್ಗಶಿರದ ಒಂದು ಮುಂಜಾವಿನಲ್ಲಿ, ಗುಂಡ್ಲುಪೇಟೆಯ ಊಟಿ ರಸ್ತೆಯ ಬದಿಯ ತಗಡಿನ ಶೆಡ್ಡೊಂದರಲ್ಲಿ, ಮಡ್‌ಗಾರ್ಡನ್ನು ಎತ್ತರಿಸಿ ಉಬ್ಬುಗುಬುಟಿನ ಟೈರುಗಳನ್ನು ತೊಡಿಸಿ ಕಾಡುದಾರಿಯ ಮಣ್ಣಿಗೆಂದೇ ಸಜ್ಜುಗೊಳಿಸಿದ್ದ ಹಳೆಯ ಯೆಜ್ಡಿ ರೋಡ್‌ಕಿಂಗ್ ಒಂದನ್ನು ಕಂಡೆನು. ಇಂಜಿನ್ನನ್ನು ಇನ್ನೂ ಚಾಲೂ ಮಾಡದೆ, ಗೇರಿಗೆ ಹಾಕಿ ಕ್ಲಚ್ಚನ್ನು ಹಿಡಿದುಕೊಂಡು, ವೃದ್ಧ ಮೆಕ್ಯಾನಿಕ್ಕರು ಅದನ್ನು ಹಿಂದಕ್ಕೂ ಮುಂದಕ್ಕೂ ನೂಕಾಡುತ್ತಿದ್ದರು. ಕಾರಣವನ್ನು ಕೇಳಲಾಗಿ, “ಚಳಿಗ ಆಯಿಲು ಮಂದ ಆಗ್ಬುಡ್ತದ ಕನ ಸಾ, ಪ್ಲೇಟು ಬುಟ್ಕೊಳ್ಳದಿಲ್ಲ. ಜನ ಗೇರ್ ಬಾಕ್ಸೇ ಹೋಯ್ತು ಅಂತ ಬಿಚ್ಚುಸ್ತಾರ” ಎಂದರು.

ಯಂತ್ರಶಾಸ್ತ್ರದ ಒಂದು ಅಧ್ಯಾಯವೇ ಆ ಎರಡು ವಾಕ್ಯಗಳಲ್ಲಿ ಅಡಗಿದೆ. ಕ್ಲಚ್ಚಿನ ಪ್ಲೇಟುಗಳು ಎಣ್ಣೆಯಲ್ಲಿ ಮುಳುಗಿರುವ ಇಂಥ ಬೈಕುಗಳಲ್ಲಿ, ಹಿಡಿಯನ್ನು ಒತ್ತಿದೊಡನೆ ಪ್ಲೇಟುಗಳು ಅಗಲಬೇಕಾದರೂ, ಅವುಗಳ ನಡುವಣ ಎಣ್ಣೆಯು ಬಿಳಿಗಿರಿರಂಗನ ಬೆಟ್ಟದ ಜೇನಿನಂತೆ ಮಂದವಾಗಿದ್ದಲ್ಲಿ, ಇಂಜಿನ್ನಿನ ತಿರುಗುವಿಕೆಯ ಒಂದಂಶವನ್ನು ಅದೇ ಗೇರಿನತ್ತ ಎಳೆದೊಯ್ಯುವುದು. ಆಗ ಒಂದನೆಯ ಗೇರು ‘ಕಟ್’ ಎಂದು ಬೀಳುವುದು, ಬೈಕು ತಾನಾಗಿ ಮುಂದಕ್ಕೆ ಸರಿಯುವುದು, ನ್ಯೂಟ್ರಲ್ ಕೈಗೆ ಸಿಗದು. ದೋಷ ಹಲ್ಲುಗಳದ್ದಲ್ಲ, ಎಣ್ಣೆಯದು. ಒಂದೇ ದರ್ಜೆಯ ೪೦ರ ಖನಿಜತೈಲವು ೧೦೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿರುವುದಕ್ಕಿಂತ ೪೦ ಡಿಗ್ರಿಯಲ್ಲಿಯೇ ಸುಮಾರು ಹತ್ತು ಪಟ್ಟು ಮಂದವಾಗಿರುವುದೆಂದ ಮೇಲೆ, ಇಲ್ಲಿಯ ಚಳಿಗಾಲದ ಬೆಳಗಿನಲ್ಲಿ ಅದರ ಸ್ಥಿತಿಯನ್ನು ಊಹಿಸಬಹುದು.

ಊಟಿಯ ಕಡೆಗೆ ಹೊರಟವರಿಗೆ ಇದರ ಅನುಭವ ವಿಶೇಷವಾಗಿ ಆಗುತ್ತದೆ. ೨೦೦೯ರಿಂದ ಬಂಡೀಪುರದ ಹಾದಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಷಿದ್ಧವಾದುದರಿಂದ, ನಸುಕಿನಲ್ಲಿಯೇ ಬಂದು ಮೇಲುಕಾಮನಹಳ್ಳಿಯ ಗೇಟಿನೆದುರು ನಿಂತ ಬೈಕುಗಳು ಅಷ್ಟರಲ್ಲಿ ಮತ್ತೆ ತಣ್ಣಗಾಗಿರುತ್ತವೆ. ಗೇಟು ತೆರೆದೊಡನೆ ಕೇಳಿಬರುವ ಆ ‘ಕಟಕಟ’ ಸದ್ದು ನನಗಂತೂ ಈ ಊರಿನ ಚಳಿಗಾಲದ ನಿಜವಾದ ಮೊಳಗು.

ಯೆಜ್ಡಿಯ ಮೇಲಣ ಮಮತೆಯನ್ನು ಮುಚ್ಚಿಡಲಾರೆ. ೧೯೬೧ರಿಂದ ೧೯೯೬ರವರೆಗೆ ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ಮೊದಲು ಜಾವಾ, ಬಳಿಕ ಯೆಜ್ಡಿ ಎಂಬ ಹೆಸರಿನಿಂದ ತಯಾರಿಸಿದ ಈ ವಾಹನಗಳಲ್ಲಿ, ಕಿಕ್ಕರೂ ಗೇರಿನ ಸನ್ನೆಯೂ ಒಂದೇ. ಅದಕ್ಕಿಂತಲೂ ಸೋಜಿಗವೆಂದರೆ, ಆ ಸನ್ನೆಯನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಡುವಂತೆ ರಚಿಸಿದ್ದರು. ಕೈಯ ನೆರವಿಲ್ಲದೆಯೇ ಗೇರು ಬದಲಿಸಬಹುದು. ಕ್ಲಚ್ಚಿನ ಕೇಬಲ್ ತುಂಡಾದರೂ ಮನೆ ಸೇರಬಹುದಾದ ಈ ಏರ್ಪಾಡನ್ನು ಮುಂದೆ ಬಂದ ಬೈಕುಗಳು ಕೈಬಿಟ್ಟುದು ನನಗೆ ಇಂದಿಗೂ ವಿಷಾದದ ಸಂಗತಿ. ಯೆಜ್ಡಿಯ ಝೆಕ್ ಬಂಧುವಾದ ಸಿ.ಝಡ್. ಯಂತ್ರದ ಮೇಲೆಯೇ ಬೆಲ್ಜಿಯಮ್ಮಿನ ಜೋಯೆಲ್ ರಾಬರ್ಟ್ ೧೯೬೪ರಲ್ಲಿ ೨೫೦ ಸಿ.ಸಿ. ಮೋಟೊಕ್ರಾಸ್ ವಿಶ್ವಪ್ರಶಸ್ತಿಯನ್ನು ಗೆದ್ದನು. ಯೆಜ್ಡಿಯದು ಇಂಜಿನ್ನಿನ ಎಣ್ಣೆಯು ಪೆಟ್ರೋಲಿನೊಡನೆ ಬೆರೆತು ಸುಟ್ಟುಹೋಗುವ ಟೂ-ಸ್ಟ್ರೋಕ್ ಯಂತ್ರವಾದ್ದರಿಂದ, ಗೇರಿನ ಎಣ್ಣೆ ಬೇರೆಯೇ ಕೋಣೆಯಲ್ಲಿದ್ದು ಲೋಹದ ಕವಚದ ಮೂಲಕವಷ್ಟೇ ತಡವಾಗಿ ಬಿಸಿಯೇರುತ್ತದೆ. ಆದ್ದರಿಂದಲೇ ಆ ಮೆಕ್ಯಾನಿಕ್ಕರ ನೂಕಾಟದ ಅಗತ್ಯ ಇಲ್ಲಿ ಹೆಚ್ಚು.

ಗಟ್ಟಿ ಎಣ್ಣೆಯೇ ಗಟ್ಟಿ ರಕ್ಷಣೆಯೆಂದು ನಂಬಿ, ಲಾರಿಯ ಹಿಂದಿನ ಆಕ್ಸಲಿಗೆ ಬಳಸುವ ೧೪೦ರ ಗೇರ್ ಆಯಿಲನ್ನು ಬೈಕಿಗೆ ಸುರಿಯುವವರುಂಟು. ಅದರಿಂದ ಚಳಿಯ ತೊಂದರೆ ಇಮ್ಮಡಿಯಾಗುವುದೇ ಹೊರತು ಹಲ್ಲುಗಳು ಹೆಚ್ಚು ಬಾಳವು. ಡಬ್ಬಿಯ ಅಂಕಿಗಳೂ ದಾರಿ ತಪ್ಪಿಸುತ್ತವೆ: ಗೇರ್ ಎಣ್ಣೆಯ ೯೦ ಎಂಬುದು ಇಂಜಿನ್ ಎಣ್ಣೆಯ ೯೦ ಅಲ್ಲ, ಎರಡಕ್ಕೂ ಮಾಪಕಗಳು ಬೇರೆ. ೧೦೦ ಡಿಗ್ರಿಯಲ್ಲಿ ಅಳೆದರೆ ೯೦ರ ಗೇರ್ ಎಣ್ಣೆಯು ಇಂಜಿನ್ ಎಣ್ಣೆಯ ೪೦ ಮತ್ತು ೫೦ರ ಆಸುಪಾಸಿನಲ್ಲಿಯೇ ನಿಲ್ಲುವುದು.

ಈಚಿನ ಫೋರ್-ಸ್ಟ್ರೋಕ್ ಮಣ್ಣಿನ ಬೈಕುಗಳಲ್ಲಿ ಸಾಮಾನ್ಯವಾಗಿ ಇಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ. ಅದು ಬೇಗ ಬಿಸಿಯಾಗುತ್ತದೆ. ೧೦ಡಬ್ಲ್ಯು-೩೦ರಂತಹ ಬಹುದರ್ಜೆಯ ಎಣ್ಣೆಯು ಚಳಿಯಲ್ಲಿಯೂ ಅಷ್ಟು ಮಂದವಾಗದು. ಆದರೆ ಕಾರಿಗೆಂದು ಘರ್ಷಣೆ ತಗ್ಗಿಸುವ ದ್ರವ್ಯಗಳನ್ನು ಬೆರೆಸಿದ ಎಣ್ಣೆಯನ್ನು ಇಲ್ಲಿ ಹಾಕಿದರೆ, ಅಂಟುವುದರ ಬದಲು ಕ್ಲಚ್ಚು ಜಾರತೊಡಗೀತು. ಡಬ್ಬಿಯ ಮೇಲೆ ಜಪಾನಿನ ಜಾಸೋ ಎಮ್.ಎ. ಅಥವಾ ಎಮ್.ಎ.೨ ಎಂಬ ಗುರುತಿದ್ದರೆ ಆ ಭಯವಿಲ್ಲ.